ಇಂದಿನ ಧಮ್ಮ ಚಿಂತನೆ: ಮೇಲಿನವರು ಬರೆದ ಷರಾ





ಕಳೆದ ಭಾನುವಾರ ವಂದನೆ ಮುಗಿದು ಎಲ್ಲರೂ ಹೊರಟ ಮೇಲೆ ನಮ್ಮ ಬಳಗದ ತಂಗಿಯೊಬ್ಬಳು ಚಾಪೆ ಮಡಿಸುತ್ತಾ ಹಿಂದೆ ಉಳಿದಳು. ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ತಂಡದಲ್ಲಿ ಯಾರೂ ಮುಟ್ಟದ ಕೆಲಸವನ್ನು ಆರು ತಿಂಗಳು ನಿದ್ದೆಗೆಟ್ಟು ಮುಗಿಸಿಕೊಟ್ಟಿದ್ದಾಳೆ. ವರ್ಷದ ಕೊನೆಗೆ ರೇಟಿಂಗ್ ಬಂದಾಗ ಅವಳದೇ ಎಲ್ಲರಿಗಿಂತ ಕೆಳಗೆ. ಕಾರಣ ಕೇಳಿದರೆ, ತಂಡದವರ ಜೊತೆ ಬೆರೆಯುವುದಿಲ್ಲ ಎಂದರಂತೆ. ಮಧ್ಯಾಹ್ನದ ಊಟಕ್ಕೆ ಇವಳನ್ನು ಬಿಟ್ಟು ಎದ್ದು ಹೋಗುವವರೂ ಅವರೇ. ಬುದ್ಧರ ದಾರಿಯಲ್ಲಿರುವವರು ಇದನ್ನೆಲ್ಲ ಸುಮ್ಮನೆ ಸಹಿಸಬೇಕೇ, ಸಿಟ್ಟು ಬರುವುದೇ ತಪ್ಪೇ ಎಂದು ಕೇಳಿದಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದೇ ಪೆಟ್ಟನ್ನು ನಾನೂ ತಿಂದಿದ್ದೇನೆ.

ಆರೇಳು ವರ್ಷದ ಹಿಂದಿನ ಮಾತು. ನಾನಾಗ ಪಾಠ ಮಾಡುತ್ತಿದ್ದ ಶಾಲೆಯಲ್ಲಿ ತರಗತಿ ಗುಡಿಸುವ ಪಾಳಿಗೆ ಅದೇ ನಾಲ್ಕೈದು ಮಕ್ಕಳ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಆ ಮಕ್ಕಳು ಯಾವ ಕೇರಿಯವರೆಂದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಪಾಳಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲೇ ಹಾಕೋಣ ಎಂದು ಸಿಬ್ಬಂದಿ ಸಭೆಯಲ್ಲಿ ಹೇಳಿದೆ. ಅಷ್ಟೇ. ಆ ವರ್ಷ ಹತ್ತನೇ ತರಗತಿಯಲ್ಲಿ ನನ್ನ ವಿಷಯಕ್ಕೆ ಒಂದು ಮಗುವೂ ಫೇಲಾಗಿರಲಿಲ್ಲ. ಆದರೂ ನನ್ನ ವಾರ್ಷಿಕ ವರದಿಯಲ್ಲಿ ಆಡಳಿತದೊಂದಿಗೆ ಹೊಂದಾಣಿಕೆ ಸಾಲದು ಎಂಬ ಷರಾ ಬಿತ್ತು.

ಕನ್ನಡ ಎಂ.ಎ. ಮಾಡಿದವರಿಗೆ ಮಾತಿನ ಬೆಲೆ ಗೊತ್ತಿರುತ್ತದೆ ಎನ್ನುತ್ತಾರೆ. ಒಂದು ಸಾಲು ಮನುಷ್ಯರನ್ನು ಎಷ್ಟು ಕುಗ್ಗಿಸಬಲ್ಲದು ಎಂಬುದು ನನಗೆ ತಿಳಿದದ್ದು ಆಗಲೇ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸ್ಟಾಫ್ ರೂಮಿಗೆ ಹೋಗುವುದನ್ನೇ ಬಿಟ್ಟೆ. ಮನೆಯಲ್ಲಿ ಸುಮ್ಮಸುಮ್ಮನೆ ರೇಗುತ್ತಿದ್ದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವರು ಬರೆದದ್ದೇ ನಿಜ ಇರಬಹುದೇನೋ ಎಂಬ ಅನುಮಾನ ಒಳಗೆ ಸೇರಿಕೊಂಡಿತ್ತು.

ಆಗ ಬಳಗದ ಹಿರಿಯರೊಬ್ಬರು ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಕೈಗಿತ್ತರು. ಬಾಬಾಸಾಹೇಬರನ್ನು ನಾವು ಸಂವಿಧಾನ ಬರೆದವರಾಗಿ, ದೀಕ್ಷೆ ಕೊಟ್ಟವರಾಗಿ ನೆನೆಯುತ್ತೇವೆ. ಒಬ್ಬ ನೌಕರರಾಗಿ ಅವರು ಪಟ್ಟ ಪಾಡನ್ನು ನೆನೆಯುವುದು ಕಡಿಮೆ. ಇವತ್ತು ಆ ಬಾಳನ್ನೇ ಹೇಳುತ್ತೇನೆ.

*ಬರೋಡದ ಕಚೇರಿ*

1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಪಡೆದು ಬಾಬಾಸಾಹೇಬರು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿದ ಮೇಲೆ 10 ವರ್ಷ ಬರೋಡ ಸಂಸ್ಥಾನದಲ್ಲಿ ಸೇವೆ ಸಲ್ಲಿಸಬೇಕೆಂಬುದು ಕರಾರು. 1915ರಲ್ಲಿ ಎಂ.ಎ. ಆಯಿತು. ಅಲ್ಲಿಂದ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರವನ್ನೂ ಕಾನೂನನ್ನೂ ಓದತೊಡಗಿದರು. ನಡುವೆಯೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿ ಊರಿಗೆ ಮರಳಬೇಕಾಯಿತು. ಅದು ಮಹಾಯುದ್ಧದ ಕಾಲ. ಅವರ ಪುಸ್ತಕಗಳಿದ್ದ ಹಡಗು ಮುಳುಗಿತು. ಅದರ ಪರಿಹಾರವಾಗಿ ಬಂದ 600 ರೂಪಾಯಿಯೇ ಬರೋಡಕ್ಕೆ ಹೋಗಿ ಕೆಲಸಕ್ಕೆ ಸೇರಲು ದಾರಿಖರ್ಚಾಯಿತು.

ಆಗ ಅವರಿಗೆ 26 ವರ್ಷ. ಹುದ್ದೆ ಮಹಾರಾಜರ ಮಿಲಿಟರಿ ಸೆಕ್ರೆಟರಿ. ಆಡಳಿತದ ಅನುಭವ ಕೊಟ್ಟು ಮುಂದೆ ಹಣಕಾಸು ಮಂತ್ರಿ ಮಾಡಬೇಕೆಂಬುದು ಮಹಾರಾಜರ ಮನಸ್ಸಿನಲ್ಲಿತ್ತು. ಆದರೆ ಬರುವವರು ಮಹಾರ್ ಎಂಬ ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತ್ತು. ರೈಲು ನಿಲ್ದಾಣದಲ್ಲಿ ಎದುರುಗೊಳ್ಳಲು ಯಾರೂ ಬರಲಿಲ್ಲ. ಕಚೇರಿಯ ಜವಾನ ಕಡತಗಳನ್ನು ದೂರದಿಂದ ಅವರ ಮೇಜಿಗೆ ಎಸೆಯುತ್ತಿದ್ದ. ಅವರು ಏಳುವ ಹೊತ್ತಿಗೆ ನೆಲದ ಜಮಖಾನ ಸುತ್ತಿಡುತ್ತಿದ್ದರು. ಕುಡಿಯುವ ನೀರು ಅವರಿಗಿರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಎಲ್ಲರಿಗಿಂತ ಮೇಲೆ ಕೂತಿದ್ದ ಮಹಾರಾಜರು ಒಳ್ಳೆಯವರೇ. ಇವರನ್ನು ಓದಿಸಿದವರು, ಮೇಲೆ ತರಬೇಕೆಂದು ಬಯಸಿದವರು. ಆದರೆ ದಿನದ ಆಡಳಿತ ನಡೆಸುವವರು ಮಧ್ಯದವರು. ಇರಲು ಮನೆ ಕೊಡಿ ಎಂದು ಬಾಬಾಸಾಹೇಬರು ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇತ್ತು. ಯಾರೂ ಇಲ್ಲ ಎನ್ನಲಿಲ್ಲ, ಯಾರೂ ಕೊಡಲೂ ಇಲ್ಲ. ನಮ್ಮಲ್ಲಿ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆ ಸಿಗದೆ ಅವರು ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದಿದ್ದರು. ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆ. ಮಾತಾಡಲು ಒಂದು ನರಪಿಳ್ಳೆ ಇಲ್ಲದ ಮಹಡಿ, ಮುರುಕು ಸಾಮಾನು, ಬಾವಲಿಗಳು, ಮಂಕು ಲಾಟೀನು. ಆ ಬೆಳಕಿನಲ್ಲಿ ಓದುತ್ತಾ ರಾತ್ರಿ ಕಳೆಯುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಾರು ಪಾರ್ಸಿಗಳು ದೊಣ್ಣೆ ಹಿಡಿದು ಮಹಡಿ ಹತ್ತಿದರು. ಸಂಜೆಯೊಳಗೆ ಖಾಲಿ ಮಾಡಬೇಕೆಂದು ಬೆದರಿಸಿ ಹೋದರು.

ಬಾಬಾಸಾಹೇಬರು ಆಶ್ರಯಕ್ಕಾಗಿ ಇಬ್ಬರು ಗೆಳೆಯರ ಬಳಿ ಹೋದರು. ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತ. ಇಬ್ಬರೂ ಒಂದೊಂದು ನೆಪ ಹೇಳಿದರು. ಮುಂಬೈ ರೈಲು ರಾತ್ರಿ 9ಕ್ಕೆ. ಅಲ್ಲಿಯವರೆಗಿನ ಐದು ಗಂಟೆ ಕಾಮಾಟಿ ಬಾಗ್ ಎಂಬ ಉದ್ಯಾನದಲ್ಲಿ ಒಬ್ಬರೇ ಕೂತಿದ್ದರು. ಆ ದಿನ ಅತ್ತದ್ದನ್ನು ಅವರು ಮುಚ್ಚಿಟ್ಟಿಲ್ಲ, ತಾವೇ ಬರೆದಿದ್ದಾರೆ.

ಬಂಧುಗಳೇ, ಕಚೇರಿಯ ಅವಮಾನಕ್ಕೆ ಕಣ್ಣೀರು ಬಂದರೆ ನಾಚಿಕೊಳ್ಳಬೇಡಿ. ಬಾಬಾಸಾಹೇಬರೂ ಅತ್ತಿದ್ದಾರೆ. ಆ ಜಾಗ ಇಂದು ಸಂಕಲ್ಪ ಭೂಮಿ ಎಂಬ ಹೆಸರಿನಲ್ಲಿ ನಮ್ಮವರ ಯಾತ್ರಾಸ್ಥಳ.

ಇನ್ನೊಂದು ಮಾತು. ಅವರು ಕೆಲಸ ಬಿಟ್ಟು ಬಂದರು. ದುಡಿದವರಿಗೆ ಕುಡಿಯುವ ನೀರೂ ಇಲ್ಲದ ಜಾಗದಲ್ಲಿ ಉಳಿದು ಸಾಯುವುದು ನಿಷ್ಠೆಯಲ್ಲ. ಬಿಟ್ಟು ಬಂದದ್ದಕ್ಕೆ ಅವರನ್ನು ಸೋತವರು ಎನ್ನಲು ಯಾರಿಗೆ ಬಾಯಿ ಬರುತ್ತದೆ?

*ಸಿಡೆನ್‌ಹ್ಯಾಮ್ ಕಾಲೇಜಿನ ನೀರಿನ ಹೂಜಿ*

ಮುಂಬೈಗೆ ಬಂದ ಮೇಲೆ ಹೊಟ್ಟೆಪಾಡು. ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಕೆಲಸ ಶುರು ಮಾಡಿದರು. ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು. 1918ರ ನವೆಂಬರ್‌ನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಸಂಬಳ ತಿಂಗಳಿಗೆ 450 ರೂಪಾಯಿ.

ಅಲ್ಲಿಯೂ ಅದೇ ಕಥೆ. ಸ್ಟಾಫ್ ರೂಮಿನ ಹೂಜಿಯಿಂದ ಇವರು ನೀರು ಕುಡಿಯಬಾರದೆಂದು ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ವಿದ್ಯಾರ್ಥಿಗಳಿಗೂ ಮೊದಮೊದಲು ಅಸಡ್ಡೆ. ಬಾಬಾಸಾಹೇಬರು ಪ್ರತಿ ಪಾಠಕ್ಕೂ ಆಳವಾಗಿ ತಯಾರಾಗಿ ಹೋಗುತ್ತಿದ್ದರು. ಕೆಲವೇ ದಿನಗಳಲ್ಲಿ ಅವರ ತರಗತಿ ತುಂಬತೊಡಗಿತು. ಬೇರೆ ಕಾಲೇಜಿನ ಹುಡುಗರೂ ಅನುಮತಿ ಪಡೆದು ಬಂದು ಕೂರುತ್ತಿದ್ದರು.

ಮೇಷ್ಟರ ಕೆಲಸದಲ್ಲಿರುವ ನನಗೆ ಈ ಭಾಗ ಬಹಳ ಹಿಡಿಸುತ್ತದೆ. ಅವರ ಕೆಲಸವನ್ನು ಸ್ಟಾಫ್ ರೂಮು ಅಳೆಯಲಿಲ್ಲ, ತರಗತಿ ಅಳೆಯಿತು. ಹಾಗೆಂದು ಚೆನ್ನಾಗಿ ಕೆಲಸ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಪಾಠ ಅಷ್ಟು ಚೆನ್ನಾಗಿದ್ದರೂ ತಕರಾರು ತೆಗೆದವರ ಮನಸ್ಸಿನ ಜಾತಿ ಹೋಗಲಿಲ್ಲ. ಆದರೆ ತನ್ನ ಕೆಲಸ ಎಂಥದ್ದೆಂದು ತಿಳಿಯಲು ಬಾಬಾಸಾಹೇಬರು ತಕರಾರಿನವರ ಮುಖ ನೋಡಬೇಕಾಗಿರಲಿಲ್ಲ.

ಆ ಸಂಬಳದಲ್ಲಿ ಪರೇಲ್‌ನ ಚಾಳಿನಲ್ಲಿ ಬಿಗಿಹಿಡಿದು ಸಂಸಾರ ಮಾಡಿ ಹಣ ಉಳಿಸಿದರು. ಆ ಉಳಿತಾಯದ ಹಿಂದೆ ಮಾತೆ ರಮಾಬಾಯಿಯವರ ಅರೆಹೊಟ್ಟೆಯಿದೆ, ಅದನ್ನು ಮರೆಯಬಾರದು. 1920ರ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆ ಹೊರಬಂತು. ಅದೇ ವರ್ಷ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಅವರ ಸಾಲ, ತಮ್ಮ ಉಳಿತಾಯ ಇಷ್ಟನ್ನೂ ಸೇರಿಸಿಕೊಂಡು ಮತ್ತೆ ಲಂಡನ್ನಿಗೆ ಹೊರಟರು. ಬರೋಡವನ್ನು ಬಿಟ್ಟದ್ದು ಓಡಿಸಿದ್ದರಿಂದ. ಸಿಡೆನ್‌ಹ್ಯಾಮ್ ಬಿಟ್ಟದ್ದು ತಾವೇ ದಿನ ಗೊತ್ತುಮಾಡಿ, ಸಿದ್ಧತೆ ಮಾಡಿಕೊಂಡು.

*ವಾಪಸ್ ಬಂದ ಪ್ರಬಂಧ*

ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಡಿ.ಎಸ್‌ಸಿ. ಪದವಿಗೆ ಪ್ರಬಂಧ ಬರೆದು 1922ರಲ್ಲಿ ಒಪ್ಪಿಸಿದರು. ಬ್ರಿಟಿಷ್ ಸರ್ಕಾರದ ಹಣಕಾಸು ನೀತಿಯನ್ನು ಅದು ನೇರವಾಗಿ ಟೀಕಿಸಿತ್ತು. ಪರೀಕ್ಷಕರಿಗೆ ಆ ಬಿರುಸು ಹಿಡಿಸಲಿಲ್ಲ. 1923ರ ಮಾರ್ಚ್‌ನಲ್ಲಿ ತಿದ್ದಿ ಬರೆಯಬೇಕೆಂದು ವಾಪಸ್ ಕೊಟ್ಟರು. ಕೈಯಲ್ಲಿ ಕಾಸಿಲ್ಲ, ಲಂಡನ್ನಿನಲ್ಲಿ ಉಳಿಯುವ ಹಾಗಿಲ್ಲ. ಬಾಬಾಸಾಹೇಬರು ಮುಂಬೈಗೆ ಮರಳಿದರು.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಒಂದೋ ಸಿಟ್ಟಿನಲ್ಲಿ ಹಾಳೆ ಹರಿದುಹಾಕುತ್ತಿದ್ದೆವು, ಇಲ್ಲವೇ ಅವರು ಹೇಳಿದಂತೆ ಎಲ್ಲವನ್ನೂ ಬದಲಿಸಿ ಕೈಮುಗಿಯುತ್ತಿದ್ದೆವು. ಬಾಬಾಸಾಹೇಬರು ಬರವಣಿಗೆಯ ಧಾಟಿಯನ್ನು ತಿದ್ದಿದರು, ತೀರ್ಮಾನಗಳನ್ನು ಮುಟ್ಟಲಿಲ್ಲ. ಮುಂಬೈಯಿಂದಲೇ ಮತ್ತೆ ಕಳಿಸಿದರು. ಆ ವರ್ಷದ ಕೊನೆಯ ಹೊತ್ತಿಗೆ ಅದು ಅಂಗೀಕಾರವಾಯಿತು. 1923ರಲ್ಲೇ ಪುಸ್ತಕವಾಗಿ ಅಚ್ಚಾಯಿತು. ಕೆಲವು ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದ್ದರೂ ಅವರ ಗುರು ಎಡ್ವಿನ್ ಕ್ಯಾನನ್ ಅದಕ್ಕೆ ಮುನ್ನುಡಿ ಬರೆದರು.

ಮೇಲಿನವರ ಟೀಕೆಯಲ್ಲಿ ಎರಡು ಬಗೆಯಿರುತ್ತದೆ. ಕೆಲಸವನ್ನು ತಿದ್ದುವ ಮಾತು ಒಂದು, ನಮ್ಮನ್ನು ಬಗ್ಗಿಸುವ ಮಾತು ಇನ್ನೊಂದು. ಒಂದೇ ಕಾಗದದಲ್ಲಿ ಎರಡೂ ಬೆರೆತು ಬರುತ್ತವೆ. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಕೂತು ಬೇರೆ ಮಾಡಬೇಕು. ನನ್ನ ವರದಿಯಲ್ಲೇ ದಾಖಲೆಗಳನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸುವುದಿಲ್ಲ ಎಂದೂ ಬರೆದಿದ್ದರು. ಅದು ನಿಜವಾಗಿತ್ತು. ಅದನ್ನು ಒಪ್ಪಿಕೊಂಡು ತಿದ್ದಿಕೊಂಡೆ. ಪಾಳಿಯ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ.

*ತಾವೇ ಮೇಲಧಿಕಾರಿಯಾದಾಗ*

ಅವಮಾನ ಉಂಡವರು ಅಧಿಕಾರಕ್ಕೆ ಬಂದಾಗ ಅದನ್ನೇ ಕೆಳಗಿನವರಿಗೆ ಬಡಿಸುವುದುಂಟು. ಬಾಬಾಸಾಹೇಬರ ಬಾಳಿನಲ್ಲಿ ಹಾಗಾಗಲಿಲ್ಲ. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಮುಷ್ಕರ ಹೂಡುವುದನ್ನೇ ಅಪರಾಧ ಮಾಡಹೊರಟ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಮುಂಬೈಯ ಕಾರ್ಮಿಕರು ಕೆಲಸ ನಿಲ್ಲಿಸಿದಾಗ ಅದರ ಮುಂದಾಳುಗಳಲ್ಲಿ ಅವರೂ ಒಬ್ಬರು. ಒಲ್ಲದ ಮನುಷ್ಯನಿಂದ ಬಲವಂತವಾಗಿ ದುಡಿಸಿಕೊಳ್ಳುವುದು ಗುಲಾಮಗಿರಿಯೇ ಎಂದು ವಾದಿಸಿದರು.

1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದಾಗಿತ್ತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಚರ್ಚಿಸುವ ತ್ರಿಪಕ್ಷೀಯ ಸಮ್ಮೇಳನ ನೆಲೆಗೊಂಡದ್ದು ಆಗ. ಕಲ್ಲಿದ್ದಲು ಗಣಿ ಕಾರ್ಮಿಕರಿಗೆ ಕಲ್ಯಾಣ ನಿಧಿ ಬಂತು. 1946ರ ತಿದ್ದುಪಡಿಯಿಂದ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ದುಡಿಮೆ ವಾರಕ್ಕೆ 48 ಗಂಟೆಗೆ ಇಳಿಯಿತು. ಕಚೇರಿಯಲ್ಲಿ ಒಂದು ಲೋಟ ನೀರು ಸಿಗದಿದ್ದವರು ದೇಶದ ಕಾರ್ಮಿಕರನ್ನು ಮಾಲೀಕರ ಸರಿಸಮ ಕೂರಿಸಿ ಮಾತಾಡಿಸಿದರು.

*ಮಂತ್ರಿಯಾದರೂ ತಪ್ಪಲಿಲ್ಲ*

ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಯಾದ ಮೇಲಾದರೂ ಇದೆಲ್ಲ ಮುಗಿಯಿತೇ? ಇಲ್ಲ. ಯೋಜನಾ ಖಾತೆಯ ಭರವಸೆ ಕೊಟ್ಟು ಕೊಡಲಿಲ್ಲ. ಖಾತೆಗಳು ಮಂತ್ರಿಯಿಂದ ಮಂತ್ರಿಗೆ ಬದಲಾದಾಗಲೆಲ್ಲ ಇವರನ್ನು ಕೈಬಿಟ್ಟರು. ವಿದೇಶಾಂಗ, ರಕ್ಷಣೆಯಂಥ ಮುಖ್ಯ ಸಂಪುಟ ಸಮಿತಿಗಳಿಗೆ ಇವರನ್ನು ಸೇರಿಸಲಿಲ್ಲ. ಆರ್ಥಿಕ ಸಮಿತಿಗೆ, ಅದೂ ಅರ್ಥಶಾಸ್ತ್ರದ ಇಂಥ ಪಂಡಿತರನ್ನು, ಪ್ರತಿಭಟಿಸಿದ ಮೇಲಷ್ಟೇ ಸೇರಿಸಿದರು. ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆಗೆ ವರ್ಷಗಟ್ಟಲೆ ದುಡಿದರು. ಆರೋಗ್ಯ ಕೆಡುತ್ತಿದೆ, ಬೇಗ ಕೈಗೆತ್ತಿಕೊಳ್ಳಿ ಎಂದು ಪ್ರಧಾನಿಗೆ ಪತ್ರ ಬರೆದರು. ಕೊನೆಗೆ ಅದನ್ನೂ ಕೈಬಿಟ್ಟರು.

1951ರ ಸೆಪ್ಟೆಂಬರ್ 27ರಂದು ಬಾಬಾಸಾಹೇಬರು ರಾಜೀನಾಮೆ ಕೊಟ್ಟರು. ಅಕ್ಟೋಬರ್‌ನಲ್ಲಿ ಸಂಸತ್ತಿನಲ್ಲಿ ಕಾರಣ ಹೇಳಲು ಎದ್ದಾಗ, ಹೇಳಿಕೆಯ ಪ್ರತಿಯನ್ನು ಮೊದಲೇ ಕೊಡಬೇಕಿತ್ತೆಂಬ ತಕರಾರು ಬಂತು, ಆಗಲೇ ಓದಲು ಬಿಡಲಿಲ್ಲ. ಅವರು ಸಭೆಯಿಂದ ಹೊರನಡೆದು ಆ ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಆ ಹೇಳಿಕೆಯಲ್ಲಿ ಕೂಗಾಟವಿಲ್ಲ. ಯಾವ ಖಾತೆ ಸಿಗಲಿಲ್ಲ, ಯಾವ ಸಮಿತಿಗೆ ಸೇರಿಸಲಿಲ್ಲ, ಪರಿಶಿಷ್ಟರಿಗೆ ಯಾವ ರಕ್ಷಣೆ ಸಿಗುತ್ತಿಲ್ಲ, ಯಾವ ಮಸೂದೆ ಹೇಗೆ ನಿಂತಿತು ಎಂದು ಒಂದೊಂದಾಗಿ ಬರೆದಿದ್ದಾರೆ.

ಬರೋಡದಲ್ಲಿ ಅವರತ್ತ ಕಡತ ಎಸೆದವರ ಹೆಸರು ಇಂದು ಯಾರಿಗೂ ಬೇಕಾಗಿಲ್ಲ. ಎಸೆದ ಸಂಗತಿ ಉಳಿದಿದೆ, ಏಕೆಂದರೆ ಅನುಭವಿಸಿದವರು ಅಂದಿನ ಪಾಡನ್ನು ಬರೆದಿಟ್ಟರು, ಹೇಳಿಟ್ಟರು. ಸಂಪುಟದಲ್ಲಿ ನಡೆದದ್ದೂ ಹಾಗೆಯೇ ಉಳಿಯಿತು. ತಮ್ಮ ಬಗ್ಗೆ ಮೇಲಿನವರು ಬರೆದದ್ದೇ ಕೊನೆಯ ಷರಾ ಆಗಲು ಅವರು ಬಿಡಲಿಲ್ಲ.

*ಹಾಗಾದರೆ ಧಮ್ಮ ಏನು ಹೇಳುತ್ತದೆ?*

ಲಾಭ ನಷ್ಟ, ಕೀರ್ತಿ ಅಪಕೀರ್ತಿ, ಹೊಗಳಿಕೆ ತೆಗಳಿಕೆ, ಸುಖ ದುಃಖ ಈ ಎಂಟು ಲೋಕಧರ್ಮಗಳು ಎಲ್ಲರಿಗೂ ತಟ್ಟುತ್ತವೆ ಎಂದು ತಥಾಗತರು ತಿಳಿಸಿದ್ದಾರೆ. ಒಮ್ಮೆ ಭಾರದ್ವಾಜನೆಂಬ ಬ್ರಾಹ್ಮಣ ಬಂದು ಅವರನ್ನು ಬಾಯಿಗೆ ಬಂದಂತೆ ಬೈದ. ಮನೆಗೆ ಬಂದ ಅತಿಥಿಗಳು ಬಡಿಸಿದ್ದನ್ನು ತಿನ್ನದಿದ್ದರೆ ಆ ಊಟ ಯಾರದು ಎಂದು ಬುದ್ಧರು ಕೇಳಿದರು. ತನ್ನದೇ ಎಂದ ಅವನು. ಹಾಗೆಯೇ ಈ ಬೈಗುಳವನ್ನು ನಾನು ಸ್ವೀಕರಿಸಿಲ್ಲ ಎಂದು ತಿಳಿಸಿದರು.

ಬೈಗುಳವನ್ನು ಹೀಗೆ ಹಿಂದಿರುಗಿಸಬಹುದು. ಆದರೆ ತಪ್ಪಿಹೋದ ಬಡ್ತಿ, ಕಡಿಮೆಯಾದ ಸಂಬಳ ಮನಸ್ಸಿನ ಸಮತೆಯಿಂದ ವಾಪಸ್ ಬರುವುದಿಲ್ಲ. ಅದಕ್ಕೆ ಅರ್ಜಿ ಬೇಕು, ದಾಖಲೆ ಬೇಕು, ಜೊತೆಗೆ ನಿಲ್ಲುವ ಜನ ಬೇಕು. ಇದು ನಿನ್ನ ಹಣೆಬರಹ, ಹಿಂದಿನ ಜನ್ಮದ ಫಲ, ಅನುಭವಿಸು ಎಂಬ ಮಾತನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಅವರ ಧಮ್ಮ’ದಲ್ಲಿ ತಳ್ಳಿಹಾಕಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮ್ಮ ಹಿರಿಯರು ಬಿಟ್ಟು ಬಂದದ್ದು ಆ ಹಣೆಬರಹವನ್ನೇ. ಅದು ವಾರ್ಷಿಕ ವರದಿಯ ವೇಷದಲ್ಲಿ ಮತ್ತೆ ಬಂದರೆ ಒಪ್ಪಿಕೊಳ್ಳಬೇಕಾಗಿಲ್ಲ. ಉಪೇಕ್ಷೆ ಎಂದರೆ ಕೈಕಟ್ಟಿ ಕೂರುವುದು ಎಂದು ನಾನು ತಿಳಿದಿದ್ದೆ. ಅರ್ಜಿ ಬರೆಯುವಾಗ ಕೈ ನಡುಗದಂತೆ ನೋಡಿಕೊಳ್ಳುವ ಶಕ್ತಿ ಅದು ಎಂದು ಈಗ ಅನ್ನಿಸುತ್ತದೆ.

ಅಂದು ನಾನು ಷರಾಕ್ಕೆ ಉತ್ತರವಾಗಿ ಒಂದು ಪುಟ ಬರೆದೆ. ಮೊದಲು ಬರೆದದ್ದು ನಾಲ್ಕು ಪುಟ, ತುಂಬ ಸಿಟ್ಟು. ಎರಡು ದಿನ ಬಿಟ್ಟು, ಆನಾಪಾನ ಮಾಡಿ ಎದ್ದು, ಸಿಟ್ಟಿನ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಫಲಿತಾಂಶದ ಅಂಕಿ, ಸಭೆಯ ದಿನಾಂಕ, ನಾನು ಹೇಳಿದ ಮಾತು ಇಷ್ಟೇ ಉಳಿದವು. ಸ್ವೀಕೃತಿಯ ಸಹಿ ಪಡೆದು ಒಂದು ಪ್ರತಿ ಇಟ್ಟುಕೊಂಡೆ. ಷರಾ ತೆಗೆಯಲಿಲ್ಲ. ಆದರೆ ಅದರ ಪಕ್ಕದಲ್ಲಿ ನನ್ನ ಹಾಳೆಯೂ ಕಡತದಲ್ಲಿ ಕೂತಿತು. ಅಂದಿನಿಂದ ನಿದ್ದೆ ಬರತೊಡಗಿತು. ಮುಂದಿನ ಜೂನ್‌ನಲ್ಲಿ ಗುಡಿಸುವ ಪಾಳಿಯನ್ನು ಯಾರೂ ಏನೂ ಹೇಳದೆ ಹಾಜರಿ ಕ್ರಮಕ್ಕೆ ಬದಲಿಸಿದ್ದರು.

ತಂಗಿಗೆ ಇದನ್ನೇ ಹೇಳಿದೆ. ಮಾಡಿದ ಕೆಲಸವನ್ನು ದಿನಾಂಕ ಹಾಕಿ ಬರೆದಿಡು. ಟೀಕೆಯಲ್ಲಿ ನಿಜವಿದ್ದಷ್ಟು ತೆಗೆದುಕೋ. ಉಳಿದದ್ದಕ್ಕೆ ಲಿಖಿತವಾಗಿ ಕಾರಣ ಕೇಳು. ಒಬ್ಬಳೇ ಅಳಬೇಡ, ಬಳಗಕ್ಕೆ ಬಾ. ಬಿಡುವುದೇ ಸರಿ ಎನಿಸಿದರೆ ಸಿದ್ಧತೆ ಮಾಡಿಕೊಂಡು ಬಿಡು. ಸಿಟ್ಟು ಬಂದದ್ದು ತಪ್ಪಲ್ಲ, ಅದನ್ನು ರಾತ್ರಿಯಿಡೀ ಮಡಿಲಲ್ಲಿಟ್ಟುಕೊಂಡು ಕೂರಬೇಡ.

ಕೊನೆಗೆ ನನ್ನದೇ ಒಂದು ತಪ್ಪೊಪ್ಪಿಗೆ. ಇದನ್ನು ಬರೆಯುವ ಮೊದಲು ಹಳೆಯ ಪ್ರಗತಿ ಪತ್ರಗಳನ್ನು ತೆಗೆದು ನೋಡಿದೆ. ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಆಸಕ್ತಿ ಸಾಲದು ಎಂದು ಬರೆದಿದ್ದೆ. ಬೆಳಗಿನ ಜಾವ ಎದ್ದು ಅವನು ಹೂವಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಶಾಲೆಗೆ ಬರುತ್ತಿದ್ದನೆಂದು ನನಗೆ ಗೊತ್ತಾದದ್ದು ಆಮೇಲೆ. ಆ ಎರಡು ಪದ ಬರೆಯಲು ನನಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ನಾವೂ ಯಾರದೋ ಮೇಲಧಿಕಾರಿಗಳೇ. ಮನೆಗೆಲಸದವರಿಗೆ, ಕಿರಿಯ ಸಹೋದ್ಯೋಗಿಗೆ, ಮಕ್ಕಳಿಗೆ ದಿನಾ ಷರಾ ಬರೆಯುತ್ತಲೇ ಇರುತ್ತೇವೆ.

*ಇಂದಿನ ಅಭ್ಯಾಸ:* ಸಂಜೆ ಐದು ನಿಮಿಷ ಮೌನವಾಗಿ ಕೂರಿ. ನಿಮ್ಮ ಬಗ್ಗೆ ಯಾರೋ ಆಡಿದ, ಇನ್ನೂ ಚುಚ್ಚುತ್ತಿರುವ ಒಂದು ಮಾತನ್ನು ನೆನೆದು, ಅದರಲ್ಲಿ ನಿಜವೆಷ್ಟು ಎಂದು ನೀವೇ ಬರೆದು ನೋಡಿ. ಆಮೇಲೆ ನೀವು ಯಾರ ಬಗ್ಗೆಯೋ ಅವಸರದಲ್ಲಿ ಆಡಿದ ಒಂದು ಮಾತನ್ನೂ ನೆನೆಯಿರಿ. ಅವರು ಹತ್ತಿರದಲ್ಲಿದ್ದರೆ ನಾಳೆಯೇ ಹೋಗಿ ಮಾತಾಡಿಸಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್ 🙏💙

(ದುಡಿಯುವ ನಮ್ಮ ಅಣ್ಣತಮ್ಮ, ಅಕ್ಕತಂಗಿಯರಿಗೆ ತಲುಪಿಸಿ.)